ಬೇಸಿಗೆ ಶಿಬಿರ ಮತ್ತು ರಜೆಯ ಚಟುವಟಿಕೆಗಳ ನೋಂದಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ತಿಂಗಳ ಎರಡನೆಯ ವಾರ ಬಂತೆಂದರೆ ಪೋಷಕರ ಪ್ರಶ್ನೆಗಳು ಆರಂಭವಾಗುತ್ತವೆ. ಬಡಾವಣೆಯ ಮಕ್ಕಳ ಶಿಬಿರಗಳ ಕೆಲಸದಲ್ಲಿ ಕೆಲವು ವರ್ಷಗಳಿಂದ ಕೈಜೋಡಿಸುತ್ತಿರುವ ನನಗೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಎದುರಾಗುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಡುವುದು ಒಳಿತೆನಿಸಿತು. ಇಲ್ಲಿರುವುದು ಮುಖ್ಯವಾಗಿ ಕರ್ನಾಟಕದ ಸಾರ್ವಜನಿಕ ಸಂಸ್ಥೆಗಳು ನಡೆಸುವ, ಕಡಿಮೆ ಶುಲ್ಕದ ಅಥವಾ ಉಚಿತವಾದ ಶಿಬಿರಗಳ ವಿಚಾರ. ದೊಡ್ಡ ಜಾಹೀರಾತು ನೀಡುವ ಖಾಸಗಿ ಶಿಬಿರಗಳು ತಾವಾಗಿಯೇ ಪೋಷಕರನ್ನು ಹುಡುಕಿಕೊಂಡು ಬರುತ್ತವೆ. ಸಾರ್ವಜನಿಕ ಶಿಬಿರಗಳನ್ನು ಪೋಷಕರೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಶಿಬಿರಗಳು ಯಾವಾಗ ನಡೆಯುತ್ತವೆ? ನೋಂದಣಿಗೆ ಯಾವಾಗ ಸಿದ್ಧರಾಗಬೇಕು?

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ ಆರಂಭವಾಗಿ ಮೇ ಕೊನೆಯ ವಾರದಲ್ಲಿ ಮುಗಿಯುತ್ತದೆ. ಹೆಚ್ಚಿನ ಶಿಬಿರಗಳು ಈ ಅವಧಿಯ ಮೊದಲರ್ಧದಲ್ಲಿಯೇ, ಅಂದರೆ ಏಪ್ರಿಲ್ ನಡುವಿನಿಂದ ಮೇ ಎರಡನೆಯ ವಾರದೊಳಗೆ ನಡೆಯುತ್ತವೆ. ಅನಂತರ ಮದುವೆ, ಜಾತ್ರೆ, ಪ್ರಯಾಣ ಎಂದು ಮಕ್ಕಳು ಚದುರುತ್ತಾರೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಮುಂಗಾರುಪೂರ್ವ ಮಳೆಯೂ ಹಿಡಿಯುತ್ತದೆ.

ಕೇಂದ್ರ ಪಠ್ಯಕ್ರಮದ ಅನೇಕ ಶಾಲೆಗಳಲ್ಲಿ ಏಪ್ರಿಲ್ ತಿಂಗಳಲ್ಲಿಯೇ ಹೊಸ ತರಗತಿ ಆರಂಭವಾಗಿ, ರಜೆಯು ಮುಂದಕ್ಕೆ ಸರಿದು ಜೂನ್‌ವರೆಗೂ ಚಾಚಿಕೊಳ್ಳುವುದರಿಂದ, ಆ ಮಕ್ಕಳಿಗೆ ರಾಜ್ಯದ ಶಾಲಾ ರಜೆಯನ್ನು ನೋಡಿಕೊಂಡು ರೂಪಿಸಿದ ಶಿಬಿರಗಳು ಹೊಂದುವುದಿಲ್ಲ. ಅರ್ಜಿ ತುಂಬುವ ಮೊದಲು ಶಾಲೆಯ ರಜಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸಾರ್ವಜನಿಕ ಶಿಬಿರಗಳ ಪ್ರಕಟಣೆ ಬರುವುದು ತಡವಾಗಿ, ಸೀಟು ಭರ್ತಿಯಾಗುವುದು ಬೇಗನೆ. ಪ್ರಕಟಣೆ ಬಂದ ಮೇಲೆ ದಾಖಲೆ ಹುಡುಕತೊಡಗಿದವರಿಗೆ ಸೀಟು ತಪ್ಪುವುದು ಸಹಜ. ಫೆಬ್ರವರಿ ಕೊನೆಯೊಳಗೆ ಕಾಗದಪತ್ರಗಳನ್ನು ಒಂದು ಕಡತದಲ್ಲಿ ಸಿದ್ಧಪಡಿಸಿಕೊಂಡು, ಮಾರ್ಚ್ ನಡುವಿನಿಂದ ವಾರಕ್ಕೊಮ್ಮೆ ವಿಚಾರಿಸುತ್ತಿದ್ದರೆ ಸಾಕು.

ಚುನಾವಣೆಯ ವರ್ಷಗಳಲ್ಲಿ ಈ ಲೆಕ್ಕ ತಪ್ಪುತ್ತದೆ. 2023ರ ವಿಧಾನಸಭಾ ಚುನಾವಣೆಯ ಮತದಾನ ಮೇ 10ರಂದು ನಡೆಯಿತು; 2024ರ ಲೋಕಸಭಾ ಚುನಾವಣೆಗೆ ರಾಜ್ಯದಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ಮತದಾನವಾಯಿತು. ಶಾಲಾ ಕಟ್ಟಡಗಳು ಮತಗಟ್ಟೆಗಳಾಗಿ, ಸಿಬ್ಬಂದಿ ಚುನಾವಣಾ ಕೆಲಸಕ್ಕೆ ತೆರಳುವಂತಹ ಬೇಸಿಗೆಯಲ್ಲಿ ಶಿಬಿರದ ದಿನಾಂಕಗಳು ಹಿಂದುಮುಂದಾಗುವುದನ್ನು ನಿರೀಕ್ಷಿಸಿಯೇ ಯೋಜನೆ ಹಾಕಿಕೊಳ್ಳಬೇಕು.

ಪ್ರಕಟಣೆಗಳು ಎಲ್ಲಿ ಸಿಗುತ್ತವೆ? ಅಂತರ್ಜಾಲದಲ್ಲಿ ಹುಡುಕಿದರೆ ಏನೂ ಕಾಣುವುದಿಲ್ಲವಲ್ಲ?

ನಿಮ್ಮ ಅನುಭವ ಸರಿಯಾದುದೇ. ಅನೇಕ ಸರ್ಕಾರಿ ಜಾಲತಾಣಗಳಲ್ಲಿ ಹಿಂದಿನ ವರ್ಷದ ಪ್ರಕಟಣೆಯೇ ಉಳಿದುಕೊಂಡಿರುತ್ತದೆ. ಅದನ್ನು ನೋಡಿ ‘ದಿನಾಂಕ ಮುಗಿದುಹೋಯಿತು’ ಎಂದು ಕೈಬಿಟ್ಟವರನ್ನೂ, ಹಳೆಯ ದಿನಾಂಕವನ್ನೇ ನಂಬಿ ಬಾಗಿಲವರೆಗೆ ಹೋಗಿ ಬಂದವರನ್ನೂ ನಾನು ಬಲ್ಲೆ. ಈಗಲೂ ಹೆಚ್ಚು ನಂಬಬಹುದಾದ ಮೂಲಗಳೆಂದರೆ ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುವ ಸಣ್ಣ ಸುದ್ದಿಗಳು, ಆಯಾ ಸಂಸ್ಥೆಯ ಸೂಚನಾ ಫಲಕ ಮತ್ತು ಸಂಸ್ಥೆಯ ಕಚೇರಿಗೆ ಮಾಡುವ ಒಂದು ದೂರವಾಣಿ ಕರೆ. ‘ಬೇಸಿಗೆ ಶಿಬಿರಕ್ಕೆ ಅರ್ಜಿ ಆಹ್ವಾನ’ ಎಂಬ ತಲೆಬರಹದ ನಾಲ್ಕು ಸಾಲಿನ ಸುದ್ದಿ ಒಂದೇ ದಿನ ಬಂದು ಮರೆಯಾಗುತ್ತದೆ. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಆ ಪುಟವನ್ನು ತಪ್ಪದೆ ಓದುವ ಹಿರಿಯರೊಬ್ಬರು ಮನೆಯಲ್ಲಿದ್ದರೆ ಅದೇ ನಿಮ್ಮ ಭಾಗ್ಯ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದುಬರುವ ಚಿತ್ರಗಳಲ್ಲಿ ವರ್ಷವನ್ನು ನಮೂದಿಸಿರುವುದೇ ಅಪರೂಪ. ಅಂತಹ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು ಒಮ್ಮೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಎಲ್ಲರಿಗೂ ಉಪಕಾರ.

ಸಾರ್ವಜನಿಕ ಸಂಸ್ಥೆಗಳ ಶಿಬಿರಗಳು ಎಂದರೆ ಯಾವುವು?

ಮೊದಲು ನೆನಪಿಗೆ ಬರುವುದು ಬಾಲಭವನ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿಯಲ್ಲಿ ನಡೆಯುವ ಬಾಲಭವನ ಸೊಸೈಟಿಯ ಮುಖ್ಯ ಕೇಂದ್ರ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿದೆ. ಬಹುಪಾಲು ಜನರಿಗೆ ಅದು ಪುಟಾಣಿ ರೈಲಿನ ಜಾಗವೆಂದಷ್ಟೇ ಗೊತ್ತು. ಆದರೆ ಚಿತ್ರಕಲೆ, ಜೇಡಿಮಣ್ಣಿನ ಕಲೆ, ಕರಕುಶಲ, ನೃತ್ಯ, ಸಂಗೀತ, ಕರಾಟೆ ಮುಂತಾದವುಗಳನ್ನು ಕಡಿಮೆ ಶುಲ್ಕದಲ್ಲಿ ಕಲಿಸುವ ಬೇಸಿಗೆ ಶಿಬಿರವೂ ಅಲ್ಲಿ ನಡೆಯುತ್ತದೆ. ಜಿಲ್ಲಾ ಕೇಂದ್ರಗಳಲ್ಲಿಯೂ ಬಾಲಭವನಗಳಿವೆ. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿದೆಯೆಂದು ತಿಳಿಯದಿದ್ದರೆ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ಕೇಳಬೇಕು.

ಆಟೋಟಗಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕ್ರೀಡಾಂಗಣಗಳು ಸೂಕ್ತ. ಅಥ್ಲೆಟಿಕ್ಸ್, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್, ಹಾಕಿ ಮುಂತಾದ ಕ್ರೀಡೆಗಳಲ್ಲಿ ಇಲಾಖೆಯ ತರಬೇತುದಾರರು ಇರುವಲ್ಲಿ ಬೇಸಿಗೆಯ ತರಬೇತಿ ಬೆಳಗ್ಗೆ ಮತ್ತು ಸಂಜೆ ನಡೆಯುತ್ತದೆ. ಯಾವ ಊರಿನಲ್ಲಿ ಯಾವ ಕ್ರೀಡೆ ಎಂಬುದು ಅಲ್ಲಿರುವ ತರಬೇತುದಾರರನ್ನೇ ಅವಲಂಬಿಸಿರುವುದರಿಂದ, ಒಂದು ಊರಿನ ಪಟ್ಟಿಯನ್ನು ನೋಡಿ ಇನ್ನೊಂದು ಊರಿನಲ್ಲಿ ಅದನ್ನೇ ನಿರೀಕ್ಷಿಸುವಂತಿಲ್ಲ.

ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳಿಗೆ 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, 1962ರಿಂದಲೂ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಮಂಗಳೂರಿನ ಬಳಿಯ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರ ಇವೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು ಮಕ್ಕಳಿಗಾಗಿ ಬೇಸಿಗೆ ಶಿಬಿರವನ್ನೂ, ವರ್ಷವಿಡೀ ಸಾಗುವ ಯೂತ್ ಕ್ಲಬ್ಬನ್ನೂ ನಡೆಸಿಕೊಂಡು ಬಂದಿದೆ. ಪ್ರಾಣಿಗಳಿಗೆ ಆಹಾರ ಸಿದ್ಧಪಡಿಸುವುದು ಹೇಗೆಂದು ಹತ್ತಿರದಿಂದ ನೋಡಿದ ಮಗು ಮನೆಗೆ ಬಂದು ಮಾತನಾಡುವ ರೀತಿಯೇ ಬೇರೆಯಾಗಿರುತ್ತದೆ. ವಿಚಾರಿಸಲು ಹೋಗುವವರು ಮೃಗಾಲಯಕ್ಕೆ ಮಂಗಳವಾರ, ತಾರಾಲಯಕ್ಕೆ ಸೋಮವಾರ ರಜೆ ಎಂಬುದನ್ನು ನೆನಪಿನಲ್ಲಿಡಬೇಕು.

ಮೈಸೂರಿನ ಚಿಣ್ಣರ ಮೇಳಕ್ಕೆ ಸೀಟು ಸಿಗುವುದು ಅಷ್ಟು ಕಷ್ಟವೇಕೆ?

ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಆರಂಭವಾದ ನಾಟಕ ಸಂಸ್ಥೆ ರಂಗಾಯಣವು ಮಕ್ಕಳಿಗಾಗಿ ನಡೆಸುವ ಬೇಸಿಗೆ ಶಿಬಿರವೇ ಚಿಣ್ಣರ ಮೇಳ. ಸುಮಾರು ಒಂದು ತಿಂಗಳು ನಡೆಯುವ ಈ ಶಿಬಿರದಲ್ಲಿ ಹಾಡು, ಆಟ, ಮುಖವಾಡ, ಬಣ್ಣ, ಕಥೆ ಎಲ್ಲವೂ ಸೇರಿ, ಕೊನೆಗೆ ಮಕ್ಕಳು ಗುಂಪುಗಳಾಗಿ ನಾಟಕವಾಡುತ್ತಾರೆ. ವೃತ್ತಿನಿರತ ರಂಗಕರ್ಮಿಗಳೊಂದಿಗೆ, ನಿಜವಾದ ರಂಗಭೂಮಿಯ ಆವರಣದಲ್ಲಿ ಇಷ್ಟು ದಿನ ಕಳೆಯುವ ಅವಕಾಶ ಬೇರೆಡೆ ಸುಲಭವಾಗಿ ದೊರೆಯುವುದಿಲ್ಲ. ಅರ್ಜಿ ವಿತರಿಸುವ ದಿನ ಪೋಷಕರು ನಸುಕಿನಲ್ಲಿಯೇ ಬಂದು ಸಾಲು ನಿಂತ ವರ್ಷಗಳೂ ಉಂಟು.

ಅರ್ಜಿ ವಿತರಿಸುವ ಕ್ರಮ, ವಯಸ್ಸಿನ ಮಿತಿ, ಶುಲ್ಕ ಇವು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆಯಾ ವರ್ಷದ ಪ್ರಕಟಣೆಯೇ ಅಂತಿಮ. ನನ್ನ ಸಲಹೆ ಇಷ್ಟೇ: ಮೈಸೂರಿನಲ್ಲಿ ಸೀಟು ಸಿಗದಿದ್ದರೆ ರಂಗತರಬೇತಿಯನ್ನೇ ಕೈಬಿಡಬೇಕಾಗಿಲ್ಲ. ಶಿವಮೊಗ್ಗ, ಧಾರವಾಡ ಮತ್ತು ಕಲಬುರಗಿಯಲ್ಲಿಯೂ ರಂಗಾಯಣಗಳಿವೆ. ಬೆಂಗಳೂರಿನಲ್ಲಿ ರಂಗಶಂಕರವೂ ಮಕ್ಕಳಿಗಾಗಿ ಬೇಸಿಗೆಯ ಕಾರ್ಯಾಗಾರಗಳನ್ನು ನಡೆಸುತ್ತ ಬಂದಿದೆ. ಎಷ್ಟೋ ಊರುಗಳಲ್ಲಿ ಹವ್ಯಾಸಿ ತಂಡಗಳು ಶಾಲೆಯ ಜಗಲಿಯಲ್ಲಿ, ಸಮುದಾಯ ಭವನದಲ್ಲಿ ನಡೆಸುವ ಹದಿನೈದು ದಿನಗಳ ಶಿಬಿರಗಳು ಹೆಸರಿಲ್ಲದಿದ್ದರೂ ಸತ್ವದಲ್ಲಿ ಕಡಿಮೆಯಿರುವುದಿಲ್ಲ.

ನಾವು ಹಳ್ಳಿಯಲ್ಲಿದ್ದೇವೆ. ನಮ್ಮ ಮಕ್ಕಳಿಗೆ ಏನಿದೆ?

ಮೊದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರಕ್ಕೆ ಹೋಗಿ ವಿಚಾರಿಸಿ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಅಡಿಯಲ್ಲಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಅನಂತರದ ವರ್ಷಗಳಲ್ಲಿ ಅನೇಕ ಪಂಚಾಯಿತಿಗಳು ಮೇ ತಿಂಗಳಿನಲ್ಲಿ ಇಲ್ಲಿಯೇ ಮಕ್ಕಳಿಗೆ ಉಚಿತ ಬೇಸಿಗೆ ಶಿಬಿರಗಳನ್ನು ನಡೆಸಿವೆ. ಗಟ್ಟಿ ಓದು, ಕಥೆ ಹೇಳುವುದು, ಕಾಗದದ ಕಲೆ, ಸರಳ ವಿಜ್ಞಾನ ಪ್ರಯೋಗ, ಚದುರಂಗ, ಊರಿನ ಸುತ್ತಾಟ ಇಂತಹ ಚಟುವಟಿಕೆಗಳು ಅಲ್ಲಿರುತ್ತವೆ.

ನೋಂದಣಿಗೆ ಯಾವ ಜಾಲತಾಣವೂ ಬೇಕಿಲ್ಲ. ಗ್ರಂಥಾಲಯ ಮೇಲ್ವಿಚಾರಕರ ಬಳಿ ಹೋಗಿ ಮಗುವಿನ ಹೆಸರು, ವಯಸ್ಸು, ತರಗತಿ ಬರೆಸಿದರೆ ಸಾಕಾಗುತ್ತದೆ. ಶಿಬಿರ ಹೇಗೆ ನಡೆಯುತ್ತದೆ ಎಂಬುದು ಆ ಮೇಲ್ವಿಚಾರಕರ ಉತ್ಸಾಹವನ್ನೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಬೆಂಬಲವನ್ನೂ ಬಹಳಮಟ್ಟಿಗೆ ಅವಲಂಬಿಸಿದೆ ಎಂಬುದು ನಿಜ. ಹಾಡು, ಚಿತ್ರ, ಕುಂಬಾರಿಕೆ, ಕೋಲಾಟ ಬಲ್ಲವರು ಊರಿನಲ್ಲಿದ್ದರೆ ಒಂದು ದಿನ ಬಂದು ಮಕ್ಕಳಿಗೆ ಕಲಿಸುವುದಾಗಿ ಮುಂಚಿತವಾಗಿ ತಿಳಿಸಿದಲ್ಲಿ, ನಾನು ಕಂಡಂತೆ, ಯಾರೂ ಬೇಡವೆನ್ನುವುದಿಲ್ಲ.

ಬೇಸಿಗೆಯಲ್ಲಿ ಅಜ್ಜಿಯ ಊರಿಗೆ ಬಂದಿರುವ ಪೇಟೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆಯೇ ಎಂದೂ ಕೆಲವರು ಕೇಳುತ್ತಾರೆ. ಜಾಗವಿದ್ದರೆ ಬಹುತೇಕ ಕಡೆ ಸೇರಿಸಿಕೊಳ್ಳುತ್ತಾರೆ. ಆದರೆ ಊರಿನ ಮಕ್ಕಳಿಗೆ ಮೊದಲ ಅವಕಾಶ ಸಿಗಬೇಕೆಂಬುದು ನ್ಯಾಯ.

ನೋಂದಣಿಗೆ ಯಾವ ದಾಖಲೆಗಳು ಬೇಕಾಗುತ್ತವೆ?

ಮಗುವಿನ ಜನ್ಮದಿನಾಂಕಕ್ಕೆ ಆಧಾರವಾಗಿ ಜನನ ಪ್ರಮಾಣಪತ್ರ ಅಥವಾ ಶಾಲೆಯ ವ್ಯಾಸಂಗ ಪ್ರಮಾಣಪತ್ರದ ನಕಲು, ಇತ್ತೀಚಿನ ಎರಡು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು, ಪೋಷಕರ ಗುರುತಿನ ಚೀಟಿಯ ನಕಲು, ತುರ್ತು ಸಂದರ್ಭಕ್ಕೆ ಎರಡು ದೂರವಾಣಿ ಸಂಖ್ಯೆಗಳು ಮತ್ತು ರಕ್ತದ ಗುಂಪಿನ ವಿವರ ಸಿದ್ಧವಿದ್ದರೆ ಹೆಚ್ಚಿನ ಶಿಬಿರಗಳಿಗೆ ಸಾಕು. ಈಜು, ಕರಾಟೆ, ಸಾಹಸ ಶಿಬಿರಗಳಿಗೆ ವೈದ್ಯರ ದೃಢೀಕರಣ ಪತ್ರವನ್ನೂ, ಪೋಷಕರ ಸಹಿಯಿರುವ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಶಾಲೆಗೆ ರಜೆ ಬಿದ್ದ ಮೇಲೆ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ದೊರೆಯುವುದು ಕಷ್ಟವಾದ್ದರಿಂದ, ಪರೀಕ್ಷೆ ಮುಗಿಯುವ ಮೊದಲೇ ಅದನ್ನು ಪಡೆದುಕೊಳ್ಳಿ.

ಒಂದು ವರ್ಷ ನನ್ನ ತಮ್ಮನ ಮಗನ ಅರ್ಜಿಯೊಂದಿಗೆ ನಾನು ಸಾಲಿನಲ್ಲಿ ಎರಡು ಗಂಟೆ ನಿಂತು ಕಿಟಕಿ ತಲುಪಿದಾಗ ಭಾವಚಿತ್ರ ಒಂದೇ ಇದೆಯೆಂದು ಹಿಂದಕ್ಕೆ ಕಳುಹಿಸಿದರು. ಭಾವಚಿತ್ರ ತೆಗೆಸಿಕೊಂಡು ಮರಳುವಷ್ಟರಲ್ಲಿ ಅಂದಿನ ಅರ್ಜಿಗಳು ಮುಗಿದಿದ್ದವು. ಅಂದಿನಿಂದ ಕಡತದಲ್ಲಿ ಆರು ಭಾವಚಿತ್ರಗಳೂ, ಅಂಟಿನ ಒಂದು ಸಣ್ಣ ಡಬ್ಬಿಯೂ ಇರುತ್ತವೆ.

ಆಧಾರ್ ಇಲ್ಲದಿದ್ದರೆ ನೋಂದಣಿ ಸಾಧ್ಯವಿಲ್ಲವೇ?

ಮಗುವಿನ ವಯಸ್ಸು ಮತ್ತು ಗುರುತು ತಿಳಿಯುವುದಷ್ಟೇ ಶಿಬಿರದವರಿಗೆ ಬೇಕಾಗಿರುವುದು. ಅದಕ್ಕೆ ಬೇರೆ ದಾಖಲೆಗಳೂ ಸಾಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಶಾಲಾ ಪ್ರವೇಶಕ್ಕೂ ಆಧಾರ್ ಕಡ್ಡಾಯವಲ್ಲವೆಂದು ಹೇಳಿದೆ. ಹೀಗಿರುವಾಗ ಹದಿನೈದು ದಿನಗಳ ಚಿತ್ರಕಲಾ ಶಿಬಿರಕ್ಕೆ ಅದೊಂದನ್ನೇ ಪಟ್ಟುಹಿಡಿದು ಕೇಳುವುದು ಸರಿಯಲ್ಲ. ಆಧಾರ್ ನಕಲನ್ನೇ ನೀಡುವುದು ಅನುಕೂಲವೆನಿಸಿದರೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಕೊಡಬಹುದು.

ಮಗುವಿನ ವಯಸ್ಸು ಮಿತಿಗಿಂತ ಕೆಲವು ತಿಂಗಳು ಕಡಿಮೆಯಿದೆ. ಸೇರಿಸಿಕೊಳ್ಳುತ್ತಾರೆಯೇ?

ಕೇಳಿ ನೋಡಬಹುದು, ಒತ್ತಾಯಿಸಬಾರದು. ವಯಸ್ಸನ್ನು ಹೆಚ್ಚು ಹೇಳಿ ಸೇರಿಸುವುದಂತೂ ಸಲ್ಲದು. ದೊಡ್ಡ ಮಕ್ಕಳ ನಡುವೆ ಸಿಲುಕಿದ ಐದು ವರ್ಷದ ಮಗು ಮೂರನೆಯ ದಿನದಿಂದ ಬರಲು ನಿರಾಕರಿಸುವುದನ್ನು ಪ್ರತಿ ವರ್ಷವೂ ನೋಡುತ್ತೇವೆ.

ಈಜು ತರಬೇತಿಗೆ ನೋಂದಾಯಿಸುವಾಗ ಏನೇನು ಗಮನಿಸಬೇಕು?

ಬೇಸಿಗೆಯಲ್ಲಿ ಅತಿ ಹೆಚ್ಚು ಬೇಡಿಕೆಯಿರುವುದು ಈಜಿಗೇ. ಹೀಗಾಗಿ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಸಾರ್ವಜನಿಕ ಈಜುಕೊಳಗಳು ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿವೆ. ಮಂಗಳೂರಿನ ಲೇಡಿಹಿಲ್‌ನಲ್ಲಿರುವ ಮಂಗಳಾ ಈಜುಕೊಳ ಪಾಲಿಕೆಯದು. ಮೈಸೂರಿನ ಸರಸ್ವತಿಪುರಂನಲ್ಲಿರುವುದು ವಿಶ್ವವಿದ್ಯಾನಿಲಯದ್ದು. ಅನೇಕ ಜಿಲ್ಲಾ ಕೇಂದ್ರಗಳಲ್ಲಿ ಕ್ರೀಡಾ ಇಲಾಖೆಯ ಕೊಳಗಳಿವೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಮಹಾನಗರ ಪಾಲಿಕೆಯ ಬದಲಿಗೆ ಐದು ನಗರಪಾಲಿಕೆಗಳು ರಚನೆಯಾಗಿರುವುದರಿಂದ, ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರುತ್ತದೆಯೆಂಬುದನ್ನು ಮೊದಲು ತಿಳಿದುಕೊಂಡು ಅಲ್ಲಿ ವಿಚಾರಿಸಬೇಕು. ಪಾಲಿಕೆಯ ಹೆಸರಿದ್ದರೂ ನಿರ್ವಹಣೆಯನ್ನು ಗುತ್ತಿಗೆಗೆ ನೀಡಿರುವ ಕೊಳಗಳೂ ಇವೆ. ಅಂತಹ ಕಡೆ ನಿಗದಿಯಾದ ಶುಲ್ಕದ ಪಟ್ಟಿ ಫಲಕದಲ್ಲಿದೆಯೇ ಎಂದು ನೋಡಿ, ಅಷ್ಟನ್ನೇ ಪಾವತಿಸಿ, ರಸೀದಿ ಪಡೆಯಿರಿ.

ತರಬೇತಿಯು ಸಾಮಾನ್ಯವಾಗಿ ಮೂರು ವಾರಗಳ ತಂಡಗಳಾಗಿ, ಒಂದೊಂದು ಗಂಟೆಯ ಅವಧಿಯಲ್ಲಿ ನಡೆಯುತ್ತದೆ; ಮಹಿಳೆಯರಿಗೆ ಪ್ರತ್ಯೇಕ ವೇಳೆಯೂ ಇರುತ್ತದೆ. ಏಪ್ರಿಲ್‌ನ ಮೊದಲ ತಂಡ ಬೇಗನೆ ಭರ್ತಿಯಾಗುತ್ತದೆ. ಮೇ ನಡುವಿನ ತಂಡದಲ್ಲಿ ಜಾಗ ಉಳಿದಿರುತ್ತದೆ. ಊರಿಗೆ ಹೋಗುವ ಯೋಚನೆಯಿಲ್ಲದವರು ಎರಡನೆಯ ತಂಡವನ್ನೇ ಆಯ್ದುಕೊಂಡರೆ ತರಬೇತುದಾರರ ಗಮನವೂ ಮಗುವಿಗೆ ಹೆಚ್ಚು ದೊರೆಯುತ್ತದೆ ಎಂಬುದು ನನ್ನ ಅನುಭವ. ನೈಲಾನ್ ಬಟ್ಟೆಯ ಈಜುಡುಗೆ ಮತ್ತು ತಲೆಗೆ ಟೋಪಿ ಬಹುತೇಕ ಎಲ್ಲ ಕಡೆ ಕಡ್ಡಾಯ. ಹತ್ತಿಯ ಚಡ್ಡಿ, ಬನಿಯನ್ನಿನಲ್ಲಿ ನೀರಿಗಿಳಿಯಲು ಬಿಡುವುದಿಲ್ಲ.

ಹಣ ಕಟ್ಟುವ ಮುನ್ನ ಒಂದು ದಿನ ತರಬೇತಿಯ ವೇಳೆಯಲ್ಲಿಯೇ ಹೋಗಿ ಕೊಳದ ಬದಿಯಲ್ಲಿ ನಿಂತು ನೋಡಿ. ಒಬ್ಬ ತರಬೇತುದಾರರ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ, ಕಲಿಸುವವರಲ್ಲದೆ ಕಾವಲಿಗೆಂದೇ ಜೀವರಕ್ಷಕರು ಬೇರೆ ಇದ್ದಾರೆಯೇ, ಕಲಿಯುವ ಮಕ್ಕಳ ಆಳವಿಲ್ಲದ ಭಾಗವನ್ನು ಹಗ್ಗ ಕಟ್ಟಿ ಬೇರ್ಪಡಿಸಿದ್ದಾರೆಯೇ, ಕೊಳದ ತಳ ಕಣ್ಣಿಗೆ ಕಾಣುವಷ್ಟು ನೀರು ತಿಳಿಯಾಗಿದೆಯೇ ಎಂಬ ನಾಲ್ಕು ವಿಷಯಗಳು ಅರ್ಧ ಗಂಟೆಯಲ್ಲಿ ತಿಳಿಯುತ್ತವೆ. ತಳ ಕಾಣದ ಕೊಳಕ್ಕೆ ಎಷ್ಟೇ ಹೆಸರಿದ್ದರೂ ಮಗುವನ್ನು ಇಳಿಸಬೇಡಿ. ಮುಳುಗಿದವರು ಕಾಣದಿದ್ದರೆ ಕಾವಲಿಗಿದ್ದವರು ಏನು ಮಾಡಲು ಸಾಧ್ಯ? ಮೂರ್ಛೆರೋಗ, ಉಬ್ಬಸ, ಕಿವಿ ಸೋರುವ ತೊಂದರೆ, ಚರ್ಮದ ಸೋಂಕು ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಬೇಕು. ಸೀಟು ತಪ್ಪೀತೆಂಬ ಭಯದಿಂದ ಮೂರ್ಛೆರೋಗವನ್ನು ಮರೆಮಾಚುವವರಿದ್ದಾರೆ. ಅದಕ್ಕಿಂತ ದೊಡ್ಡ ಅಪಾಯವನ್ನು ಮಗುವಿಗೆ ತಂದೊಡ್ಡಲಾಗದು.

ಮೂರು ವಾರ ಕಲಿತ ಮಗು ಕೊಳದಲ್ಲಿ ಈಜಬಲ್ಲದೇ ಹೊರತು ಕೆರೆ, ಹೊಳೆ, ಕಲ್ಲುಕ್ವಾರಿಯ ಹೊಂಡಗಳಲ್ಲಿ ಅಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ನೀರುಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಬರದ ವರ್ಷವೇ ಇಲ್ಲವಾದ್ದರಿಂದ, ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ಶುಲ್ಕ ಎಷ್ಟಿರುತ್ತದೆ? ಬಿಟ್ಟರೆ ಹಣ ಹಿಂದಿರುಗಿಸುತ್ತಾರೆಯೇ?

ಉಚಿತವಾದುದರಿಂದ ಹಿಡಿದು ಹಲವು ಸಾವಿರ ರೂಪಾಯಿಗಳವರೆಗೆ ಶುಲ್ಕಗಳಿವೆ. ಶುಲ್ಕದೊಳಗೆ ಏನೇನು ಸೇರಿದೆಯೆಂದು ಕೇಳುವುದು ಮುಖ್ಯ. ತಿಂಡಿ, ಬಣ್ಣ, ಕಾಗದ, ಟೀ ಶರ್ಟು, ಸಮಾರೋಪದ ವೇಷಭೂಷಣ ಇವಕ್ಕೆ ಬೇರೆ ಹಣ ಕೇಳುವ ಶಿಬಿರಗಳು ಕೊನೆಯಲ್ಲಿ ದುಬಾರಿಯಾಗಿ ಪರಿಣಮಿಸುತ್ತವೆ. ಕಟ್ಟಿದ ಹಣವನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಶಿಬಿರವೇ ರದ್ದಾದರೆ ಏನು ಮಾಡುತ್ತಾರೆಂಬುದನ್ನು ಅರ್ಜಿಯ ಹಿಂಬದಿಯಲ್ಲಿ ಓದಿಕೊಳ್ಳಿ, ಅಲ್ಲಿ ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

ಯುಪಿಐ ಮೂಲಕ ಪಾವತಿಸುವವರು ಸಂದೇಶದಲ್ಲಿ ಬಂದ ಕ್ಯೂಆರ್ ಚಿತ್ರಕ್ಕೆ ಹಣ ಹಾಕುವ ಬದಲು ಕಚೇರಿಯ ಮೇಜಿನ ಮೇಲಿರುವ ಫಲಕವನ್ನೇ ಬಳಸಬೇಕು. ತೆರೆಯ ಮೇಲೆ ಸಂಸ್ಥೆಯ ಹೆಸರು ಕಾಣಿಸುತ್ತದೆಯೋ, ವ್ಯಕ್ತಿಯೊಬ್ಬರ ಹೆಸರು ಕಾಣಿಸುತ್ತದೆಯೋ ಎಂದು ನೋಡಿ ಮುಂದುವರಿಯಬೇಕು. ವಂಚನೆಯಾಗಿದೆಯೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅಂಗವೈಕಲ್ಯವಿರುವ ಮಗುವನ್ನು ಸೇರಿಸಿಕೊಳ್ಳಲು ನಿರಾಕರಿಸಬಹುದೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಾಂಸ್ಕೃತಿಕ ಜೀವನ, ಮನರಂಜನೆ ಮತ್ತು ಕ್ರೀಡೆಗಳಲ್ಲಿ ಸಮಾನವಾಗಿ ಭಾಗವಹಿಸುವ ಹಕ್ಕನ್ನು ತನ್ನ 29 ಮತ್ತು 30ನೆಯ ಕಲಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಾಗಿ ‘ನಮ್ಮಲ್ಲಿ ಅನುಕೂಲವಿಲ್ಲ’ ಎಂಬ ಒಂದೇ ಮಾತಿನಲ್ಲಿ ಮಗುವನ್ನು ಹಿಂದಕ್ಕೆ ಕಳುಹಿಸುವುದು ಆ ಕಾಯ್ದೆಯ ಆಶಯಕ್ಕೆ ವಿರುದ್ಧ. ವಾಸ್ತವದಲ್ಲಿ ಪ್ರಯೋಜನಕ್ಕೆ ಬರುವುದು ಮುಂಚಿತವಾದ ಮಾತುಕತೆ. ನೋಂದಣಿಯ ದಿನದ ಗದ್ದಲದಲ್ಲಿ ಈ ವಿಷಯ ಎತ್ತದೆ, ಒಂದು ವಾರ ಮೊದಲೇ ಶಿಬಿರದ ಸಂಚಾಲಕರನ್ನು ಭೇಟಿಯಾಗಿ ಮಗುವಿಗೆ ಏನು ಸಾಧ್ಯ, ಎಲ್ಲಿ ನೆರವು ಬೇಕು, ಜೊತೆಗೆ ಒಬ್ಬರು ಇರಬಹುದೇ, ಶೌಚಾಲಯಕ್ಕೆ ಮೆಟ್ಟಿಲುಗಳಿವೆಯೇ ಎಂಬುದನ್ನು ಮಾತನಾಡಿಕೊಂಡರೆ ಬಾಗಿಲು ತೆರೆಯುತ್ತದೆ.

ಮಗುವಿನ ಸುರಕ್ಷತೆಯ ಬಗ್ಗೆ ಶಿಬಿರದವರನ್ನು ಕೇಳಿದರೆ ತಪ್ಪು ತಿಳಿಯುತ್ತಾರೆಯೇ?

ತಪ್ಪು ತಿಳಿದುಕೊಳ್ಳುವ ಶಿಬಿರಕ್ಕೆ ಸೇರಿಸದಿರುವುದೇ ಲೇಸು. ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಮಹಿಳಾ ಸಿಬ್ಬಂದಿ ಇದ್ದಾರೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಹೊರಗೆ ಕರೆದೊಯ್ಯುವಾಗ ಪೋಷಕರಿಗೆ ತಿಳಿಸುತ್ತಾರೆಯೇ ಎಂಬುದನ್ನು ಕೇಳುವುದು ಪ್ರತಿಯೊಬ್ಬ ಪೋಷಕರ ಕರ್ತವ್ಯ. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದವರು ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬುದು ಮಗುವಿಗೂ ಬಾಯಿಪಾಠವಾಗಿರಲಿ.

ರಜೆಯ ನಡುವೆ ಊರಿಗೆ ಹೋಗಬೇಕಾಗುತ್ತದೆ. ನಾಲ್ಕು ದಿನ ತಪ್ಪಿಸಿದರೆ ನಡೆಯುತ್ತದೆಯೇ?

ಚಿತ್ರಕಲೆ, ಕರಕುಶಲಗಳಲ್ಲಿ ನಡೆದೀತು, ನಾಟಕದಲ್ಲಿ ನಡೆಯುವುದಿಲ್ಲ. ಒಂದು ಮಗುವಿನ ಗೈರುಹಾಜರಿಯಿಂದ ಇಡೀ ದೃಶ್ಯ ನಿಂತುಹೋಗುತ್ತದೆ. ಮನೆಯಲ್ಲಿ ಮದುವೆಯೋ, ಊರಿನ ತೇರೋ ಇದ್ದರೆ ದಿನಾಂಕವನ್ನು ಅರ್ಜಿ ಕೊಡುವಾಗಲೇ ತಿಳಿಸಿ. ಸಂಚಾಲಕರು ಮಗುವಿಗೆ ಗುಂಪಿನ ಪಾತ್ರ ಕೊಟ್ಟು ಸರಿಹೊಂದಿಸುತ್ತಾರೆ. ಅಜ್ಜಿಯ ಮನೆಗೆ ಹೋಗುವುದೋ, ಶಿಬಿರಕ್ಕೆ ಸೇರುವುದೋ ಎಂದು ನೇರವಾಗಿ ನನ್ನ ಅಭಿಪ್ರಾಯ ಕೇಳಿದವರಿಗೆ ನಾನು ಅಜ್ಜಿಯ ಮನೆಯನ್ನೇ ಸೂಚಿಸಿದ್ದೇನೆ. ಶಿಬಿರ ನಡೆಸುವವರ ಬಾಯಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸಬಹುದು.

ಸೀಟು ಸಿಗಲಿಲ್ಲ. ಇನ್ನೇನು ಮಾಡಬಹುದು?

ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ, ಶಿಬಿರ ಆರಂಭವಾದ ಮೂರನೆಯ ದಿನ ಒಮ್ಮೆ ವಿಚಾರಿಸಿ. ಉತ್ಸಾಹದಿಂದ ಸೇರಿ ಬರದೇ ಉಳಿದವರ ಜಾಗಗಳು ಆ ಹೊತ್ತಿಗೆ ತೆರವಾಗಿರುತ್ತವೆ. ಮೊದಲ ದಿನವೇ ಕೇಳಿದರೆ ಸಂಚಾಲಕರಿಗೂ ಗೊತ್ತಿರುವುದಿಲ್ಲ.

ಬೇಸಿಗೆಯಲ್ಲಿ ಮಕ್ಕಳನ್ನು ಚಾರಣಕ್ಕೆ ಕಳುಹಿಸಬಹುದೇ?

ಅರಣ್ಯದೊಳಗಿನ ಚಾರಣಕ್ಕೆ ಬೇಸಿಗೆ ಸೂಕ್ತ ಕಾಲವಲ್ಲ. ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯು ಈ ತಿಂಗಳುಗಳಲ್ಲಿ ಕುಮಾರ ಪರ್ವತದಂತಹ ಅನೇಕ ಹಾದಿಗಳನ್ನು ಮುಚ್ಚಿರುತ್ತದೆ. ತೆರೆದಿರುವ ಕಾಲದಲ್ಲಿ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ನೋಂದಾಯಿಸಬೇಕು, ಏಕೆಂದರೆ ದಿನವೊಂದಕ್ಕೆ ಹೋಗುವವರ ಸಂಖ್ಯೆಗೆ ಮಿತಿಯಿದೆ. ಬಂಡೆ ಹತ್ತುವುದು, ಹಗ್ಗದ ಆಟಗಳು, ಜಲಸಾಹಸ ಇವುಗಳಿಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಡೆಸುವ ಶಿಬಿರಗಳನ್ನು ವಿಚಾರಿಸುವುದು ಮೇಲು. ಪರವಾನಗಿಯ ಮಾತೆತ್ತಿದರೆ ವಿಷಯ ಬದಲಿಸುವ ಆಯೋಜಕರ ಕೈಗೆ ಮಕ್ಕಳನ್ನು ಕೊಡಬೇಡಿ.

ದೊಡ್ಡವರಿಗೆ, ಇಡೀ ಕುಟುಂಬಕ್ಕೆ ಏನಾದರೂ ಇದೆಯೇ?

ಈಜು, ಯೋಗ, ಶಟಲ್‌ಗಳಿಗೆ ದೊಡ್ಡವರ ತಂಡಗಳಿವೆ. ಆದರೆ ಕುಟುಂಬವೇ ಒಂದು ತಂಡವಾಗಿ ನೋಂದಾಯಿಸಿಕೊಳ್ಳುವ ಸೊಗಸನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಹೆಸರು ಕೊಡುವುದು ಊರಾಗಲಿ ಕ್ಲಬ್ಬಾಗಲಿ ಅಲ್ಲ, ಒಕ್ಕ, ಅಂದರೆ ಮನೆತನ. ಒಂದೇ ಮನೆತನದ ಹೆಸರಿನಡಿ ಹೆಣ್ಣುಮಕ್ಕಳು, ಗಂಡುಮಕ್ಕಳು, ತಲೆ ನರೆತವರು, ಶಾಲೆಗೆ ಹೋಗುವವರು ಒಟ್ಟಾಗಿ ಆಡುತ್ತಾರೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಡೆಯುವ ಈ ಹಬ್ಬವನ್ನು ಪ್ರತಿ ವರ್ಷ ಒಂದೊಂದು ಒಕ್ಕ ವಹಿಸಿಕೊಳ್ಳುತ್ತದೆ, ಆ ವರ್ಷದ ಕಪ್ಪಿಗೆ ಅದರ ಹೆಸರೇ ಇರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಹಬ್ಬದಲ್ಲಿ 360 ಕುಟುಂಬಗಳು ಹೆಸರು ನೋಂದಾಯಿಸಿದ್ದವು. ಹೊರಗಿನವರು ಆಡಲು ಬಾರದಿದ್ದರೂ ಮೈದಾನದ ಬದಿಯಲ್ಲಿ ಕುಳಿತು ನೋಡಲು ಯಾವ ನೋಂದಣಿಯೂ ಬೇಕಿಲ್ಲ.

ಬೇಸಿಗೆ ಬಿಟ್ಟರೆ ಬೇರೆ ಕಾಲದಲ್ಲಿ ಶಿಬಿರಗಳಿಲ್ಲವೇ?

ದಸರಾ ರಜೆಯಲ್ಲಿ ಕೆಲವೆಡೆ ಚಿಕ್ಕ ಶಿಬಿರಗಳು ನಡೆಯುತ್ತವೆ. ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕು ಮಟ್ಟದಿಂದಲೇ ಆಡಿ ಬರಬೇಕಾದ್ದರಿಂದ, ನವರಾತ್ರಿಗೆ ವಾರಗಳ ಮುಂಚೆಯೇ ತಾಲ್ಲೂಕಿನ ಕ್ರೀಡಾಧಿಕಾರಿಯವರಲ್ಲಿ ವಿಚಾರಿಸಬೇಕು. ಉಡುಪಿಯ ಸುತ್ತಮುತ್ತ ಮಕ್ಕಳಿಗೆ ಯಕ್ಷಗಾನ ಕಲಿಸಬೇಕೆಂದಿರುವವರು ಬೇಸಿಗೆಯನ್ನು ಕಾಯಬೇಕಾಗಿಲ್ಲ. ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಆ ವರ್ಷದ ತಿರುಗಾಟ ಮುಗಿಸುತ್ತವೆ. ಶಾಲೆಗಳು ತೆರೆದ ಮೇಲೆ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಲ್ಲಿಯೇ ತರಬೇತಿ ನಡೆಸುತ್ತದೆ. ಅದಕ್ಕೆ ಹೆಸರು ಕೊಡುವುದು ಶಾಲೆಯ ಮೂಲಕ.

ನಾವು ಕಲಬುರಗಿಯವರು. ಮಧ್ಯಾಹ್ನ ಅರ್ಜಿ ತರಲು ಹೋದರೆ ಕಚೇರಿ ಮುಚ್ಚಿತ್ತು. ಏಕೆ?

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಿಸಿಲಿನ ಕಾರಣದಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸಲಾಗುತ್ತದೆ. ಬೆಂಗಳೂರಿನಿಂದ ವರ್ಗವಾಗಿ ಹೋದವರಿಗೆ ಮೊದಲ ವರ್ಷ ಇದು ತಿಳಿದಿರುವುದಿಲ್ಲ. ಶಿಬಿರಗಳೂ ಅಲ್ಲಿ ಬೆಳಗ್ಗೆ ಬೇಗ ಆರಂಭವಾಗಿ ಬಿಸಿಲೇರುವ ಮೊದಲು ಮುಗಿಯುವಂತಿದ್ದರೆ ಮಾತ್ರ ಸೇರಿಸಿ. ಮಧ್ಯಾಹ್ನ ಹನ್ನೆರಡರವರೆಗೆ ಬಯಲಿನಲ್ಲಿ ಆಡಿಸುವ ವೇಳಾಪಟ್ಟಿ ಕಂಡರೆ, ಅರ್ಜಿ ಕೊಡುವ ಮೊದಲು ಅದನ್ನು ಬದಲಾಯಿಸುವಂತೆ ಸಂಚಾಲಕರನ್ನು ಕೇಳಿಕೊಳ್ಳಿ. ನಾಲ್ಕೈದು ಪೋಷಕರು ಒಟ್ಟಾಗಿ ಹೋದರೆ ಬೇಗ ಒಪ್ಪುತ್ತಾರೆ.